ಸೆಕೆಯಲ್ಲಿ ಆರ್‌ವಿ ತಂಪಾಗಿಡುವುದು: ಮೆತ್ತಗಾದ ಹಪ್ಪಳದಿಂದ ಕಲಿತದ್ದು

ಬಿಸಿಲು ಬೇರೆ, ಸೆಕೆ ಬೇರೆ. ಕುಂದಾಪುರದಲ್ಲಿ ಹುಟ್ಟಿ ಬೆಳೆದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೂ ಟೆಕ್ಸಸ್‌ನಲ್ಲಿ ಆರ್‌ವಿ (ಮಲಗಲು, ಅಡುಗೆಗೆ, ಸ್ನಾನಕ್ಕೆ ಜಾಗ ಇರುವ ಗಾಡಿಮನೆ) ತಗೊಂಡ ಮೊದಲ ಬೇಸಿಗೆಯಲ್ಲಿ ನಾನು ಅದನ್ನೇ ಮರೆತಿದ್ದೆ.

ನಮ್ಮದು ಬಸ್ಸಿನಂಥ ದೊಡ್ಡ ಆರ್‌ವಿ ಅಲ್ಲ. ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಹೋಗುವ ಟ್ರಾವೆಲ್ ಟ್ರೇಲರ್, ಅದೂ ಸೆಕೆಂಡ್ ಹ್ಯಾಂಡ್. 24 ಅಡಿ ಉದ್ದ, 8 ಅಡಿ ಅಗಲ, ತಲೆ ಮೇಲೆ ಒಂದೇ ಒಂದು ಏಸಿ, 30 ಆಂಪ್ ಕರೆಂಟು. ಮನೆಯಲ್ಲಿ ಎಲ್ಲರೂ ಅದನ್ನು ಬಂಡಿ ಅಂತಲೇ ಕರೆಯುತ್ತೇವೆ. ಹ್ಯೂಸ್ಟನ್ ಹತ್ತಿರ ಇರುವ ನಮಗೆ ಶುಕ್ರವಾರ ಸಂಜೆ ಹೊರಟರೆ ಸಿಗುವ ಕಡಲು ಅಂದರೆ ಗಾಲ್ವೆಸ್ಟನ್ ದ್ವೀಪ. ಒಂದು ಕಡೆ ಗಲ್ಫ್ (ಮೆಕ್ಸಿಕೋ ಕೊಲ್ಲಿ), ಇನ್ನೊಂದು ಕಡೆ ಬೇ, ಅಂದರೆ ಒಳಗೆ ಚಾಚಿದ ಕಡಲು. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ ಇರುವ ಮರವಂತೆ ರಸ್ತೆ ನೆನಪಾಗುತ್ತದೆ. ಸೆಕೆಯೂ ಹಾಗೇ.

ಮೊದಲ ಟ್ರಿಪ್ ಜುಲೈಯಲ್ಲಿ. ಊರಿಂದ ಅಮ್ಮ ಬಂದಿದ್ದಳು. ಏಸಿಯನ್ನು 68 ಡಿಗ್ರಿ ಫ್ಯಾರನ್‌ಹೀಟ್‌ಗೆ (20 ಸೆಲ್ಸಿಯಸ್) ಇಟ್ಟು, ಫ್ಯಾನ್ ಜೋರಾಗಿ ಬಿಟ್ಟು, ನಾನು ದೊಡ್ಡ ಕೆಲಸ ಮಾಡಿದವನ ಹಾಗೆ ಕೂತಿದ್ದೆ. ಅಮ್ಮ ತಾನು ತಂದಿದ್ದ ಹಲಸಿನ ಹಪ್ಪಳ ಕರಿದು ತಟ್ಟೆಯಲ್ಲಿಟ್ಟಳು. ನಾವು ಊಟಕ್ಕೆ ಕೂರುವಷ್ಟರಲ್ಲಿ ಹಪ್ಪಳ ಹಿಡಿದರೆ ಬಟ್ಟೆಯ ಹಾಗೆ ಬಾಗುತ್ತಿತ್ತು. ರಾತ್ರಿ ಹಾಸಿಗೆ ಮುಟ್ಟಿದರೆ ತಣ್ಣಗೆ, ಆದರೆ ಒದ್ದೆ ಒದ್ದೆ. ಅಮ್ಮ ಪಾರ್ಕಿನ ಮ್ಯಾಪ್ ಮಡಚಿ ಬೀಸಿಕೊಳ್ಳುತ್ತಾ, "ಎಂಥ ಸೆಕೆ ಮಾರಾಯ! ಏಸಿ ಇದ್ದೂ ಮೈಯೆಲ್ಲ ಅಂಟು. ಇದಕ್ಕಿಂತ ನಮ್ಮನೆ ಚಾವಡಿಯೇ ಅಡ್ಡಿಲ್ಲ" ಅಂದಳು. ಬೆಳಗಿನ ಜಾವ ಏಸಿಯ ಅಂಚಿನಿಂದ ಎರಡು ಹನಿ ನನ್ನ ಹಣೆ ಮೇಲೇ ಬಿತ್ತು.

ನನ್ನ ತಪ್ಪು ಸರಳ. ನಾನು ಬಿಸಿಯನ್ನು ಓಡಿಸಲು ಹೊರಟಿದ್ದೆ. ಓಡಿಸಬೇಕಾಗಿದ್ದದ್ದು ತೇವವನ್ನು.

ಮೊದಲು ಡ್ಯೂ ಪಾಯಿಂಟ್ ನೋಡಿ

ಅಮೆರಿಕದಲ್ಲಿ ಎಲ್ಲ ಫ್ಯಾರನ್‌ಹೀಟ್ ಲೆಕ್ಕ, ನಾನೂ ಅದರಲ್ಲೇ ಹೇಳುತ್ತೇನೆ. 75 ಅಂದರೆ ಸುಮಾರು 24 ಸೆಲ್ಸಿಯಸ್, 95 ಅಂದರೆ 35. ಫೋನಿನಲ್ಲಿ ಹವಾಮಾನ ನೋಡುವಾಗ ಟೆಂಪರೇಚರ್ ಪಕ್ಕದಲ್ಲಿ ಡ್ಯೂ ಪಾಯಿಂಟ್ ಅಂತ ಒಂದು ಅಂಕಿ ಇರುತ್ತದೆ. ಗಾಳಿಯಲ್ಲಿರುವ ತೇವ ಹನಿಯಾಗಿ ಕೂರಲು ಶುರುವಾಗುವ ಉಷ್ಣತೆ ಅದು. 60ರ ಕೆಳಗಿದ್ದರೆ ಹಾಯಾಗಿರುತ್ತದೆ. 70 ದಾಟಿದರೆ ಮೈ ಅಂಟುತ್ತದೆ. ಗಲ್ಫ್ ದಂಡೆಯಲ್ಲಿ ಜುಲೈ, ಆಗಸ್ಟ್ ತಿಂಗಳಲ್ಲಿ 75ರ ಆಸುಪಾಸು ಇರುವುದು ಮಾಮೂಲು. ಆಗ 75ಕ್ಕಿಂತ ತಣ್ಣಗಿರುವ ಯಾವ ವಸ್ತುವಿಗೆ ಹೊರಗಿನ ಗಾಳಿ ತಾಗಿದರೂ ಅದು ಬೆವರುತ್ತದೆ. ಕಿಟಕಿ ಗಾಜು, ಅಲ್ಯುಮಿನಿಯಂ ಚೌಕಟ್ಟು, ತಣ್ಣಗಾದ ಗೋಡೆ, ಹಾಸಿಗೆಯ ತಳ, ಎಲ್ಲವೂ.

ನಮ್ಮ ಮೈಯದ್ದೂ ಇದೇ ಕಷ್ಟ. ಬೆವರು ಆರಿದರೆ ಮಾತ್ರ ತಂಪು. 90 ಡಿಗ್ರಿ ಬಿಸಿಯಲ್ಲಿ ಗಾಳಿಯ ತೇವ ಶೇ 70 ಇದ್ದರೆ ಮೈಗೆ ಸುಮಾರು 105ರಷ್ಟು ಕಾಣುತ್ತದೆ ಅಂತ ಇಲ್ಲಿನ ಹವಾಮಾನ ಇಲಾಖೆಯ ಪಟ್ಟಿ ಹೇಳುತ್ತದೆ.

ಇದು ಅರ್ಥವಾಗದೆ ನಾವು ಒಂದು ಕೂಲರ್‌ಗೂ ದುಡ್ಡು ಹಾಕಿದೆವು. ನನ್ನ ಹೆಂಡತಿ ರಾಯಚೂರಿನವಳು. "ಏನ್ರೀ, ಒಂದು ಕೂಲರ್ ತರ್ರಿ. ನಮ್ಮೂರಾಗ ಮೇ ತಿಂಗಳು ಅದ್ರಾಗೇ ಕಳೀತೀವಿ" ಅಂದಳು. ಅವಳ ಮಾತಿನಲ್ಲಿ ಸುಳ್ಳಿಲ್ಲ. ರಾಯಚೂರಿನ ಒಣ ಬಿಸಿಲಿಗೆ ಲಾವಂಚದ ತಟ್ಟಿ, ನೀರು ಸುರಿಯುವ ಕೂಲರ್ ಎರಡೂ ಅಮೃತ. ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಆದರೆ ಗಾಳಿ ಮೊದಲೇ ನೀರು ಕುಡಿದು ತುಂಬಿಕೊಂಡಿದ್ದರೆ? ಗಾಲ್ವೆಸ್ಟನ್‌ನಲ್ಲಿ ಕೂಲರ್ ಹಚ್ಚಿ ಒಂದು ಗಂಟೆಗೆ ಬಂಡಿಯ ಒಳಗೆ ತೇವ ಶೇ 80 ದಾಟಿತು. ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ. ನೀವು ಒಣ ಹವೆಯ ಎಲ್ ಪಾಸೊ ಕಡೆಗೋ ನ್ಯೂ ಮೆಕ್ಸಿಕೋಕ್ಕೋ ಹೋಗುವವರಾದರೆ ಕೂಲರ್ ಧಾರಾಳವಾಗಿ ತಗೊಳ್ಳಿ. ಕಡಲ ದಂಡೆಗೆ ಬೇಡವೇ ಬೇಡ. ಆ ಕೂಲರ್ ಈಗ ನಮ್ಮ ಗ್ಯಾರೇಜಿನಲ್ಲಿ ಈರುಳ್ಳಿ ಬುಟ್ಟಿ ಇಡುವ ಸ್ಟೂಲು.

ಕೂಲರ್ ಬದಲು ಹತ್ತು ಹದಿನೈದು ಡಾಲರಿನ ಒಂದು ಹೈಗ್ರೋಮೀಟರ್ (ಗಾಳಿಯ ತೇವ ಅಳೆಯುವ ಮೀಟರ್) ತಗೊಂಡು ಗೋಡೆಗೆ ಅಂಟಿಸಿ. ಒಳಗಿನ ತೇವ ಶೇ 50, ಹೆಚ್ಚೆಂದರೆ 55 ಇರಬೇಕು. 60ರ ಮೇಲೆ ದಿನಗಟ್ಟಲೆ ಇದ್ದರೆ ಬೂಸಲು ಹಿಡಿಯುತ್ತದೆ. ತೇವ 50 ಇದ್ದರೆ 78 ಡಿಗ್ರಿಯಲ್ಲೂ ಒಳ್ಳೆ ನಿದ್ದೆ ಬರುತ್ತದೆ. ತೇವ 70 ಇದ್ದರೆ 70 ಡಿಗ್ರಿಯಲ್ಲೂ ಬರುವುದಿಲ್ಲ. ಇದು ನಾನು ಮಲಗಿ ನೋಡಿದ ಲೆಕ್ಕ.

ಬಂಡಿ ನಿಲ್ಲಿಸುವಾಗಲೇ ಅರ್ಧ ಕೆಲಸ

ಆರ್‌ವಿ ಗೋಡೆ ಅಂದರೆ ಎರಡು ಇಂಚಿನ ಆಸುಪಾಸು. ಮನೆಯ ಗೋಡೆಗೆ ಹೋಲಿಸಿದರೆ ಅದು ಬರೀ ಪೆಟ್ಟಿಗೆ. ಹಾಗಾಗಿ ಬಿಸಿಲು ಬೀಳದ ಹಾಗೆ ನೋಡಿಕೊಳ್ಳುವುದೇ ಎಲ್ಲಕ್ಕಿಂತ ಅಗ್ಗದ ಏಸಿ.

ಮರದ ನೆರಳು ಸಿಕ್ಕರೆ ಅದನ್ನೇ ಬುಕ್ ಮಾಡಿ. ಹ್ಯೂಸ್ಟನ್‌ನ ನೈಋತ್ಯಕ್ಕಿರುವ ಬ್ರಾಜೋಸ್ ಬೆಂಡ್ ಸ್ಟೇಟ್ ಪಾರ್ಕಿನಲ್ಲಿ ದೊಡ್ಡ ದೊಡ್ಡ ಲೈವ್ ಓಕ್ ಮರಗಳಿವೆ. ಜಡೆಯ ಹಾಗೆ ಸ್ಪ್ಯಾನಿಷ್ ಮಾಸ್ ಇಳಿಬಿದ್ದಿರುತ್ತದೆ. ಅಲ್ಲಿ ಅದೇ ಏಸಿ, ಅದೇ ಬಂಡಿ, ಮಧ್ಯಾಹ್ನ ಮೂರು ಗಂಟೆಗೂ ಆಗಾಗ ಆಫ್ ಆಗಿ ಉಸಿರು ಬಿಡುತ್ತದೆ. (ಮೊಸಳೆ ಜಾತಿಯ ಅಲಿಗೇಟರ್‌ಗಳೂ ಇವೆ, ಕೆರೆ ದಂಡೆಯಲ್ಲಿ ಮಕ್ಕಳ ಕೈ ಬಿಡಬೇಡಿ.) ಗಾಲ್ವೆಸ್ಟನ್‌ನ ಬೀಚ್ ಬದಿಯಲ್ಲಿ ಅಂಥ ಭಾಗ್ಯ ಇಲ್ಲ. ಹುಲ್ಲು, ಮರಳು, ಆಕಾಶ, ಅಷ್ಟೇ.

ನೆರಳಿಲ್ಲದ ಕಡೆ ದಿಕ್ಕು ನೋಡಿ. ಮಧ್ಯಾಹ್ನದ ಮೇಲಿನ ಬಿಸಿಲೇ ಕೊಲ್ಲುವುದು. ಬಂಡಿಯ ಮೂತಿಯೋ ಹಿಂಭಾಗವೋ ಪಶ್ಚಿಮಕ್ಕಿದ್ದರೆ 8 ಅಡಿಯ ಗೋಡೆಗೆ ಮಾತ್ರ ಆ ಬಿಸಿಲು ನೇರ ಬೀಳುತ್ತದೆ. ಅಡ್ಡ ನಿಲ್ಲಿಸಿದರೆ 24 ಅಡಿಯ ಇಡೀ ಗೋಡೆ ಕಾಯುತ್ತದೆ. ಸೈಟು (ಪಾರ್ಕಿನಲ್ಲಿ ಬಂಡಿ ನಿಲ್ಲಿಸಲು ಕೊಡುವ ಜಾಗ) ಉತ್ತರ-ದಕ್ಷಿಣವಾಗಿಯೇ ಇದ್ದು ಬೇರೆ ದಾರಿ ಇಲ್ಲದಿದ್ದರೆ, ಆನಿಂಗ್ (ಬಂಡಿಯ ಪಕ್ಕಕ್ಕೆ ಬಿಚ್ಚುವ ಚಪ್ಪರ) ಪಶ್ಚಿಮಕ್ಕೆ ಬರುವ ಹಾಗೆ ನಿಲ್ಲಿಸಲು ಸಾಧ್ಯವೇ ನೋಡಿ. ಇಲ್ಲಿನ ಟ್ರೇಲರ್‌ಗಳಲ್ಲಿ ಆನಿಂಗ್ ಬಲಗಡೆ ಇರುತ್ತದೆ, ಅಂದರೆ ಮೂತಿ ದಕ್ಷಿಣಕ್ಕಿರಬೇಕು. ಸೈಟ್ ಬುಕ್ ಮಾಡುವಾಗಲೇ ಸ್ಯಾಟಲೈಟ್ ಮ್ಯಾಪ್‌ನಲ್ಲಿ ನೋಡಿಕೊಂಡರೆ ಅಲ್ಲಿ ಹೋಗಿ ಹಿಂದೆ ಮುಂದೆ ಮಾಡುವುದು ತಪ್ಪುತ್ತದೆ. ಆನಿಂಗ್ ಬಿಚ್ಚಿಟ್ಟು ಮಲಗಬೇಡಿ. ಗಲ್ಫ್‌ನಲ್ಲಿ ಗಾಳಿ ಹೇಳಿ ಬರುವುದಿಲ್ಲ. ನಮ್ಮ ಪಕ್ಕದವರ ಆನಿಂಗ್ ರಾತ್ರಿ ಎರಡು ಗಂಟೆಗೆ ಅವರ ತಾರಸಿ ಮೇಲೆ ಮಗುಚಿ ಬಿದ್ದದ್ದನ್ನು ನೋಡಿದ ಮೇಲೆ ನಾನು ಪ್ರತಿ ರಾತ್ರಿ ಸುತ್ತಿಡುತ್ತೇನೆ.

ಕಿಟಕಿಗೆ ಬೆಳ್ಳಿ ಬಣ್ಣದ ಬಬಲ್ ಶೀಟ್, ರಿಫ್ಲೆಕ್ಟಿಕ್ಸ್ ಅಂತ ಹಾರ್ಡ್‌ವೇರ್ ಅಂಗಡಿಯಲ್ಲಿ ಸುರುಳಿ ಸಿಗುತ್ತದೆ. ಅಳತೆಗೆ ಕತ್ತರಿಸಿ ಸಿಕ್ಕಿಸಿ. ಒಳಗಿಂದ ಹಾಕಿದರೂ ಆಗುತ್ತದೆ, ಆದರೆ ಹೊರಗೆ ಹಾಕಿದರೆ ಬಿಸಿಲು ಗಾಜನ್ನೇ ಮುಟ್ಟುವುದಿಲ್ಲ. ನಾನು ಪಶ್ಚಿಮದ ಎರಡು ಕಿಟಕಿಗೆ ಮಾತ್ರ ಹೊರಗೆ ಹಾಕುತ್ತೇನೆ. ಎಲ್ಲಾ ಕಿಟಕಿ ಮುಚ್ಚಿದರೆ ಗುಹೆಯ ಹಾಗಾಗುತ್ತದೆ, ಕಡಲು ನೋಡಲು ಬಂದು ಏನು ಪ್ರಯೋಜನ?

ಎಲ್ಲರೂ ಮರೆಯುವುದು ತಾರಸಿಯ ತೂತುಗಳನ್ನು. ಜೂನ್ ತಿಂಗಳಲ್ಲಿ ಇಲ್ಲಿ ನಡುಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಬಚ್ಚಲಿನ ಸ್ಕೈಲೈಟ್, 14 ಇಂಚು ಚೌಕದ ವೆಂಟ್‌ಗಳು, ಇವೆಲ್ಲ ಬರೀ ತೆಳು ಪ್ಲಾಸ್ಟಿಕ್. ವೆಂಟಿಗೆ ಸರಿಯಾಗಿ ಕೂರುವ ಫೋಮ್ ದಿಂಬು ಸಿಗುತ್ತದೆ. ಒತ್ತಿ ಸಿಕ್ಕಿಸಿದರೆ ಆಯ್ತು. ಸ್ಕೈಲೈಟಿಗೆ ಅದೇ ಬೆಳ್ಳಿ ಶೀಟು.

ಏಸಿಯ ಜೊತೆ ಬಾಳುವುದು

ತಾರಸಿ ಏಸಿಗಳು ಸಾಮಾನ್ಯವಾಗಿ 13,500 ಅಥವಾ 15,000 ಬಿಟಿಯು. ಗಂಟೆಗೆ ಎಷ್ಟು ಬಿಸಿಯನ್ನು ಹೊರಗೆ ಹಾಕುತ್ತದೆ ಅನ್ನುವ ಅಳತೆ ಇದು. 12,000 ಬಿಟಿಯು ಅಂದರೆ ಊರಲ್ಲಿ ನಾವು ಒಂದು ಟನ್ ಅನ್ನುತ್ತೇವಲ್ಲ, ಅಷ್ಟು. ನಮ್ಮದು 13,500. ಒಂದು ಲೀಟರ್ ನೀರನ್ನು ಗಾಳಿಯಿಂದ ಹಿಂಡಿ ತೆಗೆಯಲು ಸುಮಾರು 2,300 ಬಿಟಿಯು ಖರ್ಚಾಗುತ್ತದೆ. ಒಂದು ಮಧ್ಯಾಹ್ನ ತಾರಸಿಯಿಂದ ಏಸಿ ನೀರು ಇಳಿಯುವ ಮೂಲೆಗೆ ಬಕೆಟ್ ಇಟ್ಟೆ. ಗಂಟೆಗೆ ಒಂದೂಕಾಲು ಲೀಟರ್ ಬಿತ್ತು. ಅಂದರೆ ಏಸಿಯ ಶಕ್ತಿಯಲ್ಲಿ ಐದನೇ ಒಂದು ಪಾಲಿಗಿಂತ ಜಾಸ್ತಿ ಬರೀ ನೀರು ಹಿಂಡಲು ಹೋಗುತ್ತಿದೆ. ಆ ಹನಿ ನೋಡಿದರೆ ಸಂತೋಷಪಡಿ. ಅದು ನಿಮ್ಮ ಹಾಸಿಗೆಯಲ್ಲಿ ಇರಬೇಕಾಗಿದ್ದ ನೀರು.

ಈಗ ನಾನು ಮಾಡಿದ ದೊಡ್ಡ ತಪ್ಪಿಗೆ ಬರೋಣ. ಏಸಿ ಒಳಗೆ ಒಂದು ತಣ್ಣನೆ ಕಾಯಿಲ್ ಇದೆ. ಫ್ರಿಜ್‌ನಿಂದ ತೆಗೆದ ಚೊಂಬು ಬೆವರುವ ಹಾಗೆ ಅದೂ ಬೆವರುತ್ತದೆ. ಆ ನೀರು ನಿಧಾನಕ್ಕೆ ಕೆಳಗಿಳಿದು ತಾರಸಿಗೆ ಹೋಗಬೇಕು. ಬಂಡಿ ಬೇಕಾದಷ್ಟು ತಣ್ಣಗಾದಾಗ ಕಂಪ್ರೆಸರ್ ನಿಲ್ಲುತ್ತದೆ. ಆದರೆ ಥರ್ಮೋಸ್ಟಾಟಿನಲ್ಲಿ ಫ್ಯಾನನ್ನು 'ಆನ್'ನಲ್ಲಿ ಇಟ್ಟಿದ್ದರೆ ಅದು ತಿರುಗುತ್ತಲೇ ಇರುತ್ತದೆ. ಕಾಯಿಲ್ ಮೇಲೆ ಇನ್ನೂ ಕೂತಿರುವ ನೀರನ್ನೆಲ್ಲ ಅದು ಊದಿ ಊದಿ ಮತ್ತೆ ನಿಮ್ಮ ಮೇಲೆಯೇ ಹಾಕುತ್ತದೆ. ಕರೆಂಟು ಕೊಟ್ಟು ಹಿಂಡಿದ ನೀರನ್ನು ಮತ್ತೆ ಒಳಗೇ ಚೆಲ್ಲಿದ ಹಾಗೆ. ನಮ್ಮ ಹಪ್ಪಳ ಮೆತ್ತಗಾಗಲು ಇದೇ ಮುಖ್ಯ ಕಾರಣ. ಫ್ಯಾನನ್ನು 'ಆಟೋ'ಗೆ ಹಾಕಿದ ರಾತ್ರಿ ತೇವ 68ರಿಂದ 54ಕ್ಕೆ ಇಳಿಯಿತು. ಒಂದು ಪೈಸೆ ಖರ್ಚಿಲ್ಲ.

ಥರ್ಮೋಸ್ಟಾಟನ್ನು 68ಕ್ಕೆ ಇಡುವ ಆಸೆಯನ್ನೂ ಬಿಡಿ. ಹೊರಗೆ 95 ಇರುವಾಗ ನೆರಳಿಲ್ಲದ ಜಾಗದಲ್ಲಿ 75, 76 ಸಿಕ್ಕರೆ ಏಸಿಗೆ ಕೈ ಮುಗಿಯಿರಿ. ಬೆಳಿಗ್ಗೆ ಎಂಟಕ್ಕೇ ಶುರು ಮಾಡಿ. ಬೆಳಿಗ್ಗೆ ತಂಪಾಗಿದೆ ಅಂತ ಕಿಟಕಿ ತೆಗೆದಿಟ್ಟು, ಹನ್ನೆರಡಕ್ಕೆ ಬೆವರು ಬಂದ ಮೇಲೆ ಏಸಿ ಹಾಕಿದರೆ ಅಷ್ಟರಲ್ಲಿ ಗೋಡೆ, ಕಪಾಟು, ಹಾಸಿಗೆ, ಪಾತ್ರೆ ಎಲ್ಲ ಬಿಸಿ ಮತ್ತು ತೇವ ಕುಡಿದಿರುತ್ತವೆ. ರಾತ್ರಿ ಒಂಬತ್ತಾದರೂ ಏಸಿ ಅವುಗಳ ಜೊತೆ ಗುದ್ದಾಡುತ್ತಾ ಇರುತ್ತದೆ.

ಏಸಿ ಸರಿ ಇದೆಯೋ ಇಲ್ಲವೋ ನೋಡಲು ಮೆಕ್ಯಾನಿಕ್ ಬೇಕಿಲ್ಲ. ಇಪ್ಪತ್ತು ನಿಮಿಷ ಓಡಿಸಿ. ಗಾಳಿ ಒಳಗೆ ಎಳೆದುಕೊಳ್ಳುವ ಜಾಲರಿಯಲ್ಲಿ ಒಂದು ಥರ್ಮಾಮೀಟರ್ ಹಿಡಿಯಿರಿ, ಅದಕ್ಕೆ ಹತ್ತಿರದ ತಣ್ಣನೆ ಗಾಳಿ ಬರುವ ಬಾಯಿಯಲ್ಲಿ ಇನ್ನೊಂದು. ಎರಡರ ನಡುವೆ 16ರಿಂದ 22 ಡಿಗ್ರಿ ವ್ಯತ್ಯಾಸ ಇರಬೇಕು. ಗಾಳಿ ತುಂಬಾ ಒದ್ದೆ ಇದ್ದರೆ ಸ್ವಲ್ಪ ಕಡಿಮೆಯೇ ಬರುತ್ತದೆ, ಗಾಬರಿ ಬೇಡ. ನಮ್ಮದರಲ್ಲಿ ಬರೀ 13 ಇತ್ತು. ಏಸಿ ಸತ್ತಿತು ಅಂದುಕೊಂಡೆ. ಸತ್ತಿರಲಿಲ್ಲ.

ಕರೆಂಟು ಕಿತ್ತು, ಸೀಲಿಂಗಿನ ಜಾಲರಿಯ ಸ್ಕ್ರೂ ಬಿಚ್ಚಿ, ಟಾರ್ಚ್ ಹಾಕಿ ನೋಡಿದೆ. ಒಳಗೆ ಎರಡು ಕೋಣೆ ಇರುತ್ತವೆ. ಒಂದರಲ್ಲಿ ಬಿಸಿ ಗಾಳಿ ಮೇಲೆ ಹೋಗುತ್ತದೆ, ಇನ್ನೊಂದರಲ್ಲಿ ತಣ್ಣನೆ ಗಾಳಿ ಇಳಿದು ಡಕ್ಟಿಗೆ, ಅಂದರೆ ಗಾಳಿ ಹಂಚುವ ಕೊಳವೆಗೆ ಹೋಗುತ್ತದೆ. ನಡುವೆ ಒಂದು ತಗಡಿನ ಅಡ್ಡಗೋಡೆ. ಆ ಗೋಡೆಯ ಪಕ್ಕದಲ್ಲಿ ನನ್ನ ಕಿರುಬೆರಳು ಹೋಗುವಷ್ಟು ಸಂದು! ತಣ್ಣನೆ ಗಾಳಿ ನಮ್ಮ ಹತ್ತಿರ ಬರದೆ ಅಲ್ಲಿಂದಲೇ ತಿರುಗಿ ಏಸಿಗೆ ಹೋಗುತ್ತಿತ್ತು. ಡಕ್ಟಿನ ಬಾಯಿಯಲ್ಲೂ ಟೇಪ್ ಕಿತ್ತು ನೇತಾಡುತ್ತಿತ್ತು, ಗಾಳಿ ಸೀಲಿಂಗಿನ ಹೊಟ್ಟೆಯೊಳಗೆ ನುಗ್ಗುತ್ತಿತ್ತು. ಅಲ್ಯುಮಿನಿಯಂ ಫಾಯಿಲ್ ಟೇಪ್ ತಂದು ಎಲ್ಲ ಸಂದು ಮುಚ್ಚಿದೆ. ಬಟ್ಟೆಯ ಡಕ್ಟ್ ಟೇಪ್ ಬಳಸಬೇಡಿ, ಹೆಸರಲ್ಲಿ ಮಾತ್ರ ಡಕ್ಟ್, ಬಿಸಿಗೆ ಅಂಟು ಬಿಡುತ್ತದೆ. ಧೂಳು ಒರೆಸಿ, ಒಣಗಿಸಿ ಅಂಟಿಸಬೇಕು. ಎರಡು ಗಂಟೆ ಕೆಲಸ, ಕತ್ತು ನೋವು ಎರಡು ದಿನ. ಆಮೇಲೆ ಅಳೆದರೆ 19 ಡಿಗ್ರಿ.

ಸಂದು ಹುಡುಕಲು ಊದುಬತ್ತಿ ಚೆನ್ನಾಗಿ ಆಗುತ್ತದೆ. ಏಸಿ ಹಾಕಿ, ಊದುಬತ್ತಿ ಹಚ್ಚಿ, ಜಾಲರಿಯ ಅಂಚು, ಕಿಟಕಿಯ ರಬ್ಬರ್, ಬಾಗಿಲ ಸಂದು, ಸಿಂಕಿನ ಕೆಳಗೆ ಪೈಪ್ ಹೋಗುವ ತೂತು ಇಲ್ಲೆಲ್ಲ ನಿಧಾನಕ್ಕೆ ಹಿಡಿದುಕೊಂಡು ಹೋಗಿ. ಹೊಗೆ ನೆಟ್ಟಗೆ ಏಳದೆ ಎತ್ತಲೋ ಬಾಗಿದರೆ ಅಲ್ಲಿ ಗಾಳಿ ಓಡಾಡುತ್ತಿದೆ. ನನ್ನ ಹೆಂಡತಿ, "ಬಂಡಿಗೆ ಪೂಜಿ ಶುರು ಆತು" ಅಂತ ನಗುತ್ತಿದ್ದಳು. ಸಿಂಕಿನ ಕೆಳಗಿನ ತೂತು ಎಷ್ಟಿತ್ತೆಂದರೆ ಅಲ್ಲಿಂದ ಗಲ್ಫ್‌ನ ಗಾಳಿ ನೇರ ಒಳಗೆ ಬರುತ್ತಿತ್ತು. ಸ್ಪ್ರೇ ಫೋಮ್ ಹೊಡೆದೆ.

ಇನ್ನು ಉಳಿದದ್ದು ಬೇಗ ಹೇಳುತ್ತೇನೆ. ಫಿಲ್ಟರನ್ನು ಎರಡು ವಾರಕ್ಕೊಮ್ಮೆ ತೊಳೆದು ಒಣಗಿಸಿ ಹಾಕಿ. ಫಿಲ್ಟರ್ ಕಟ್ಟಿದ್ದು, ಫ್ಯಾನೂ ಮೆಲ್ಲಗಿದ್ದರೆ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ. ಗಾಳಿ ಇದ್ದಕ್ಕಿದ್ದಂತೆ ಕಡಿಮೆಯಾದರೆ ಅದೇ ಇರಬಹುದು. ಕೂಲಿಂಗ್ ಆಫ್ ಮಾಡಿ ಬರೀ ಫ್ಯಾನ್ ಜೋರಾಗಿ ಅರ್ಧ ಗಂಟೆ ಬಿಡಿ, ಕರಗುತ್ತದೆ. ನನ್ನ ಹಣೆ ಮೇಲೆ ಹನಿ ಬಿದ್ದದ್ದು ಏಸಿಯ ಬೋಲ್ಟ್ ಸಡಿಲವಾಗಿದ್ದರಿಂದ. ತಾರಸಿಗೂ ಏಸಿಗೂ ನಡುವಿನ ಫೋಮ್ ಗ್ಯಾಸ್ಕೆಟ್ ಸುಮಾರು ಅರ್ಧ ಇಂಚಿಗೆ ಒತ್ತಿಕೊಂಡಿರಬೇಕು. ಒಳಗಿನಿಂದಲೇ ನಾಲ್ಕು ಬೋಲ್ಟನ್ನು ಸುತ್ತ ಸಮನಾಗಿ ಬಿಗಿ ಮಾಡಬಹುದು. ಅತಿ ಬಿಗಿಯೂ ಬೇಡ, ಗ್ಯಾಸ್ಕೆಟ್ ಹಾಳಾಗುತ್ತದೆ. ಕಡಲಿಂದ ಮನೆಗೆ ಬಂದ ಮೇಲೆ, ಕರೆಂಟು ಕಿತ್ತು, ತಾರಸಿ ಮೇಲಿನ ಏಸಿಯ ಹೊರ ಕಾಯಿಲಿಗೆ ಸಿಹಿನೀರನ್ನು ಮೆಲ್ಲಗೆ ಬಿಟ್ಟು ಉಪ್ಪು ತೊಳೆಯಿರಿ. ಊರಲ್ಲಿ ಕಿಟಕಿ ಸರಳನ್ನು ಕಡಲ ಗಾಳಿ ಹೇಗೆ ತಿನ್ನುತ್ತದೆ ಅಂತ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಪ್ರೆಷರ್ ವಾಷರ್ ಮಾತ್ರ ಬೇಡ, ಆ ತೆಳು ರೆಕ್ಕೆಗಳು ಮಡಚಿ ಹೋಗುತ್ತವೆ.

ಕರೆಂಟಿನ ಲೆಕ್ಕ

30 ಆಂಪ್, 120 ವೋಲ್ಟ್, ಅಂದರೆ 3,600 ವ್ಯಾಟ್. ಏಸಿಯೇ 13 ಆಂಪ್ ಹತ್ತಿರ ತಿನ್ನುತ್ತದೆ. ಮೈಕ್ರೋವೇವ್ ಹನ್ನೆರಡು, ಗೀಸರ್ ಹನ್ನೆರಡು, ಇಂಡಕ್ಷನ್ ಒಲೆ ಜೋರಿಟ್ಟರೆ ಹದಿನೈದು. ಏಸಿ ಜೊತೆಗೆ ಒಂದು ಹೊತ್ತಿಗೆ ಒಂದೇ ದೊಡ್ಡ ಸಾಮಾನು ಅಂತ ನಿಯಮ ಮಾಡಿಕೊಳ್ಳಿ, ಇಲ್ಲದಿದ್ದರೆ ಬ್ರೇಕರ್ ಬೀಳುತ್ತದೆ. ಗೀಸರನ್ನು ಹಗಲು ಆಫ್ ಮಾಡಿ. ಬೇಸಿಗೆಯಲ್ಲಿ ಬಿಸಿಲಲ್ಲಿ ಬಿದ್ದ ಪೈಪಿನಿಂದ ಬರುವ ನೀರೇ ಸ್ನಾನಕ್ಕೆ ಸಾಕಷ್ಟು ಬಿಸಿ.

ಕ್ಯಾಂಪ್‌ಗ್ರೌಂಡಿನ ಕರೆಂಟ್ ಕಂಬದಲ್ಲಿ 30 ಆಂಪ್ ಸಾಕೆಟ್ ಪಕ್ಕದಲ್ಲಿ ಸಾಮಾನ್ಯವಾಗಿ 20 ಆಂಪಿನದೂ ಇರುತ್ತದೆ. ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ಹೊರಗಿನ ಬಳಕೆಗೆಂದೇ ಮಾಡಿದ ದಪ್ಪ ಎಕ್ಸ್‌ಟೆನ್ಷನ್ ವೈರ್ ಹಾಕಿ ಹೊರಗಿನ ಇಂಡಕ್ಷನ್ ಒಲೆಯನ್ನೋ, ತೇವ ಹಿಂಡುವ ಡಿಹ್ಯುಮಿಡಿಫೈಯರನ್ನೋ ಅದಕ್ಕೆ ಕೊಟ್ಟರೆ ಬಂಡಿಯ 30 ಆಂಪ್ ಏಸಿಗೆ ಬಿಟ್ಟ ಹಾಗಾಗುತ್ತದೆ.

ವೋಲ್ಟೇಜ್ ವಿಷಯ ಗಂಭೀರ. ಮಧ್ಯಾಹ್ನ ನಾಲ್ಕಕ್ಕೆ ಪಾರ್ಕಿನಲ್ಲಿರುವ ಎಲ್ಲರ ಏಸಿಯೂ ಓಡುತ್ತಿರುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಕಡಿಮೆ ವೋಲ್ಟೇಜ್‌ನಲ್ಲಿ ಕಂಪ್ರೆಸರ್ ಜಾಸ್ತಿ ಕರೆಂಟ್ ಎಳೆದು ಒಳಗೆ ಸುಡುತ್ತದೆ. ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ವೋಲ್ಟ್ ಮೀಟರ್ ಇಟ್ಟುಕೊಳ್ಳಿ. 110ಕ್ಕಿಂತ ಇಳಿದರೆ ಕಣ್ಣಿಡಿ, 105ಕ್ಕೆ ಬಂದರೆ ಏಸಿ ಆಫ್ ಮಾಡಿ. ಒಂದು ಪಾರ್ಕಿನಲ್ಲಿ ನಮಗೆ 103 ತೋರಿಸಿತು. ಆಫೀಸಿಗೆ ಹೋಗಿ ಹೇಳಿದರೆ "ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ" ಅಂದರು. ಮೀಟರಿನ ಫೋಟೋ ತೋರಿಸಿದ ಮೇಲೆ ಇನ್ನೊಂದು ಸಾಲಿನಲ್ಲಿ ಸೈಟ್ ಕೊಟ್ಟರು. ಪ್ಲಗ್ಗನ್ನೂ ಆಗಾಗ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಸಾಕೆಟ್ ಸಡಿಲ, ಅಲ್ಲಿ ಉಳಿಯಬೇಡಿ.

ಒಳಗೆ ನೀರು ಮಾಡುವವರು ನಾವೇ

ಅಮ್ಮನಿಗೆ ಕುಚ್ಚಲಕ್ಕಿ ಅನ್ನವೇ ಆಗಬೇಕು. ಕುಚ್ಚಲಕ್ಕಿ ಅಂದರೆ ಒಲೆ ಮೇಲೆ ಮುಕ್ಕಾಲು ಗಂಟೆ ಕುದಿಯಬೇಕು, ಗೊತ್ತಲ್ವಾ? ಮೊದಲ ದಿನ ಅದನ್ನು ಬಂಡಿಯ ಒಳಗಿನ ಗ್ಯಾಸ್ ಒಲೆಯಲ್ಲಿ ಇಟ್ಟಿದ್ದೆವು. ಗ್ಯಾಸ್ ಉರಿದಾಗಲೂ ನೀರಾವಿ ಹುಟ್ಟುತ್ತದೆ, ಗಂಜಿಯ ಆವಿ ಬೇರೆ. ಏಸಿ ಇಡೀ ಮಧ್ಯಾಹ್ನ ಹಿಂಡಿದ್ದನ್ನು ನಾವು ಒಂದು ಊಟದಲ್ಲಿ ವಾಪಸ್ ಹಾಕಿದೆವು.

ಈಗ ಅಡುಗೆ ಎಲ್ಲ ಹೊರಗೆ. ಆನಿಂಗ್ ಕೆಳಗೆ ಮಡಚುವ ಮೇಜು, ಅದರ ಮೇಲೆ ಇಂಡಕ್ಷನ್. ಕುಚ್ಚಲಕ್ಕಿ ಬೆಳಿಗ್ಗೆ ಏಳಕ್ಕೇ ಬೇಯುತ್ತದೆ. ಮಧ್ಯಾಹ್ನಕ್ಕೆ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಮಜ್ಜಿಗೆ. ಸೆಕೆಯಲ್ಲಿ ಅದಕ್ಕಿಂತ ಒಳ್ಳೆಯ ಊಟ ನನಗಂತೂ ಗೊತ್ತಿಲ್ಲ. ಹೊರಗೆ ಒಗ್ಗರಣೆ ಹಾಕುವುದರಿಂದ ಇನ್ನೊಂದು ಲಾಭ, ಬಂಡಿಯ ಪರದೆಗಳು ವರ್ಷವಿಡೀ ಇಂಗಿನ ವಾಸನೆ ಹೊಡೆಯುವುದಿಲ್ಲ.

ಸ್ನಾನ ಆದಷ್ಟು ಪಾರ್ಕಿನ ಬಾತ್‌ರೂಮಿನಲ್ಲಿ. ಬಂಡಿಯಲ್ಲೇ ಮಾಡುವುದಾದರೆ ಬಚ್ಚಲಿನ ಬಾಗಿಲು ಮುಚ್ಚಿ, ವೆಂಟಿನ ಫೋಮ್ ತೆಗೆದು ಎಕ್ಸಾಸ್ಟ್ ಫ್ಯಾನ್ ಹಾಕಿ, ಬಚ್ಚಲಿನದೇ ಕಿಟಕಿ ಇದ್ದರೆ ಎರಡು ಬೆರಳು ತೆಗೆಯಿರಿ. ಆಗ ಫ್ಯಾನ್ ಆ ಕಿಟಕಿಯಿಂದ ಗಾಳಿ ಎಳೆಯುತ್ತದೆ, ಇಡೀ ಬಂಡಿಯ ತಣ್ಣನೆ ಗಾಳಿಯನ್ನಲ್ಲ. ಗೋಡೆಯ ನೀರನ್ನು ವೈಪರಿನಿಂದ ಎಳೆದು ಬಿಡಿ. ಹತ್ತು ನಿಮಿಷಕ್ಕೆ ಫ್ಯಾನ್ ಆಫ್, ಫೋಮ್ ವಾಪಸ್. ಏಸಿ ಓಡುವಾಗ ತಾರಸಿ ಫ್ಯಾನನ್ನು ದಿನವಿಡೀ ಓಡಿಸುವವರನ್ನು ನೋಡಿದ್ದೇನೆ. ಅದು ಎಷ್ಟು ಗಾಳಿ ಹೊರಗೆ ಹಾಕುತ್ತದೋ ಅಷ್ಟೇ ಸೆಕೆ ಗಾಳಿ ಸಂದುಗಳಿಂದ ಒಳಗೆ ಬರುತ್ತದೆ.

ಒದ್ದೆ ಟವೆಲ್, ಈಜುವ ಬಟ್ಟೆ ಒಳಗೆ ಒಣಗಿಸಬೇಡಿ. ಮಕ್ಕಳಿಗೆ ಬಾಗಿಲ ವಿಷಯ ಹೇಳಿ. ನನ್ನ ಮಗಳು ಮತ್ತು ಅವಳ ಗೆಳತಿಯರು ಒಂದು ಮಧ್ಯಾಹ್ನ ಸುಮ್ನೆ ಒಳಗೆ ಹೊರಗೆ ಓಡಾಡಿ 74 ಇದ್ದದ್ದನ್ನು 81 ಮಾಡಿದ್ದರು.

ಡಿಹ್ಯುಮಿಡಿಫೈಯರ್ ಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಬಿರುಬಿಸಿಲಿನ ಮಧ್ಯಾಹ್ನ ಬೇಡ. ಆಗ ಏಸಿಯೇ ಎಡೆಬಿಡದೆ ಓಡಿ ನೀರು ಹಿಂಡುತ್ತಿರುತ್ತದೆ, ಈ ಯಂತ್ರ ತನ್ನ ಬಿಸಿಯನ್ನೂ ಒಳಗೇ ಬಿಡುತ್ತದೆ. ಅದರ ಕಾಲ ಅಂದರೆ ಮಳೆ ಬಂದು ಹೊರಗೆ 78 ಡಿಗ್ರಿ ಆಗಿ, ಏಸಿ ಬಹಳ ಹೊತ್ತು ಓಡದ ದಿನ ಅಥವಾ ರಾತ್ರಿ. ಕಂಪ್ರೆಸರ್ ಇರುವುದನ್ನೇ ತಗೊಳ್ಳಿ. ಇಪ್ಪತ್ತು ಮೂವತ್ತು ಡಾಲರಿಗೆ ಸಿಗುವ ಪುಟ್ಟ ಡಬ್ಬಿಗಳು ದಿನಕ್ಕೆ ಒಂದು ಲೋಟ ನೀರು ಹಿಡಿದರೆ ಹೆಚ್ಚು. ನಾನು ನಮ್ಮ ಕಂಪ್ರೆಸರ್ ಯಂತ್ರದ ಕೊಳವೆಯನ್ನು ಸಿಂಕಿಗೆ ಬಿಟ್ಟಿದ್ದೇನೆ, ರಾತ್ರಿ ಎದ್ದು ಬಕೆಟ್ ಚೆಲ್ಲುವ ಕೆಲಸ ಇಲ್ಲ.

ಮಲಗುವ ಜಾಗದಲ್ಲಿ ಪುಟ್ಟ 12 ವೋಲ್ಟ್ ಫ್ಯಾನ್ ಒಂದು ಮೈ ಮೇಲೆ ಗಾಳಿ ಬಿಡುತ್ತಿದ್ದರೆ ಥರ್ಮೋಸ್ಟಾಟ್ ಮೂರು ಡಿಗ್ರಿ ಮೇಲಿಟ್ಟರೂ ಗೊತ್ತಾಗುವುದಿಲ್ಲ. ಹಾಸಿಗೆಯನ್ನು ಪ್ಲೈವುಡ್ ಮೇಲೆ ನೇರ ಹಾಕಿದ್ದರೆ ಒಮ್ಮೆ ಎತ್ತಿ ನೋಡಿ. ನಮ್ಮದರ ಕೆಳಗೆ ಕಪ್ಪು ಚುಕ್ಕಿಗಳು ಶುರುವಾಗಿದ್ದವು. ಪ್ಲಾಸ್ಟಿಕ್ ಜಾಲರಿಯಂಥ ಮ್ಯಾಟ್ ಹಾಕಿ ಗಾಳಿಗೆ ಜಾಗ ಮಾಡಿದ ಮೇಲೆ ನಿಂತಿತು.

ಕರೆಂಟ್ ಹೋದರೆ

ಬಿಸಿಲಲ್ಲಿ ನಿಂತ ಟ್ರೇಲರ್ ಏಸಿ ಇಲ್ಲದೆ ಬೇಗನೆ ಹೊರಗಿಗಿಂತ ಬಿಸಿಯಾಗುತ್ತದೆ. ಮಗುವನ್ನೋ, ನಾಯಿಯನ್ನೋ, ವಯಸ್ಸಾದವರನ್ನೋ ಏಸಿಯನ್ನು ನಂಬಿ ಒಳಗೆ ಬಿಟ್ಟು ಬೀಚಿಗೆ ಹೋಗಬೇಡಿ. ಬ್ರೇಕರ್ ಬೀಳಲು ಒಂದು ಕ್ಷಣ ಸಾಕು. ಅಮ್ಮ ಬಿಪಿಗೆ ನೀರಿನ ಮಾತ್ರೆ (ಮೂತ್ರ ಜಾಸ್ತಿ ಹೋಗಿಸುವುದು) ತಗೊಳ್ಳುತ್ತಾಳೆ. ಅಂಥವರಿಗೆ ಸೆಕೆ ಬೇಗ ತಾಗುತ್ತದೆ, ಹೊರಡುವ ಮೊದಲೇ ಡಾಕ್ಟರ ಹತ್ತಿರ ಕೇಳಿಕೊಳ್ಳಿ. ತಲೆ ಸುತ್ತು, ವಾಕರಿಕೆ, ಸುಸ್ತು ಅಂದರೆ ತಕ್ಷಣ ತಂಪಿಗೆ ಕರೆತಂದು ನೀರು ಕೊಡಿ. ಮಾತು ತೊದಲಿದರೆ, ಗೊಂದಲವಾದರೆ, ಪ್ರಜ್ಞೆ ತಪ್ಪಿದರೆ 911ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಮೈ ಮೇಲೆ ತಣ್ಣೀರು ಹಾಕಿ ಗಾಳಿ ಬೀಸುತ್ತಿರಿ.

ನಮ್ಮ ಏರ್ಪಾಡು ಇಷ್ಟೇ: ಕರೆಂಟ್ ಹೋದರೆ ಎಲ್ಲರೂ ಟ್ರಕ್ಕಿಗೆ. ಟ್ರಕ್ಕಿನ ಏಸಿ ಹಾಕಿಕೊಂಡು ಊರೊಳಗೆ ಹೋಗಿ ಯಾವುದಾದರೂ ಅಂಗಡಿಯಲ್ಲಿ ಕೂರುವುದು. ಜನರೇಟರ್ ಇಟ್ಟುಕೊಳ್ಳುವವರಿಗೆ ಒಂದು ಮಾತು. ಏಸಿ ಶುರುವಾಗುವಾಗ ಒಮ್ಮೆಗೇ ಓಡುವಾಗಿನ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ, ಚಿಕ್ಕ ಜನರೇಟರ್ ಅಲ್ಲೇ ಮುಗ್ಗರಿಸುತ್ತದೆ. ಏಸಿಗೆ ಸಾಫ್ಟ್ ಸ್ಟಾರ್ಟರ್ ಹಾಕಿಸಿದರೆ ಆ ಏಟು ಕಡಿಮೆಯಾಗುತ್ತದೆ. ಜನರೇಟರನ್ನು ಅದರ ಹೊಗೆ ಕಿಟಕಿಯಿಂದ ಒಳಗೆ ಬರದಷ್ಟು ದೂರ ಇಡಿ, ಆನಿಂಗ್ ಕೆಳಗಂತೂ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಅದರ ಅಲಾರಂ ಕೆಲಸ ಮಾಡುತ್ತಿದೆಯೇ ಅಂತ ಗುಂಡಿ ಒತ್ತಿ ನೋಡಿಯೇ ಮಲಗಿ.

ಮನೆಗೆ ಬಂದ ಮೇಲೆ

ಒದ್ದೆ ಬಂಡಿಯನ್ನು ಬೀಗ ಹಾಕಿ ನಿಲ್ಲಿಸಿದರೆ ಎರಡು ವಾರದಲ್ಲಿ ಒಳಗೆ ಹಸಿರು ಕೃಷಿ ಶುರುವಾಗಿರುತ್ತದೆ. ಫ್ರಿಜ್ ಒರೆಸಿ ಅದರ ಬಾಗಿಲು ಸ್ವಲ್ಪ ತೆರೆದಿಡಿ. ಹಾಸಿಗೆ ಎತ್ತಿ ಓರೆಯಾಗಿ ನಿಲ್ಲಿಸಿ, ಕಪಾಟುಗಳ ಬಾಗಿಲು ತೆಗೆದಿಡಿ. ಮನೆಯ ಕರೆಂಟು ಸಿಗುವ ಹಾಗಿದ್ದರೆ ಕಿಟಕಿಗಳನ್ನೆಲ್ಲ ಮುಚ್ಚಿ ಡಿಹ್ಯುಮಿಡಿಫೈಯರನ್ನು 50ಕ್ಕೆ ಇಟ್ಟು ಬಿಡಿ. ಕಿಟಕಿ ತೆಗೆದು "ಗಾಳಿ ಆಡಲಿ" ಅನ್ನುವುದು ರಾಯಚೂರಿನ ಬುದ್ಧಿ, ಇಲ್ಲಿ ನಡೆಯುವುದಿಲ್ಲ. ಈ ಸಾಲನ್ನು ನನ್ನ ಹೆಂಡತಿ ಓದಿದ್ದಾಳೆ. "ಹಂಗಾರ ಕುಂದಾಪುರದ ಬುದ್ಧಿ ಮೊದಲನೇ ರಾತ್ರಿ ಎಲ್ಲಿ ಹೋಗಿತ್ತು?" ಅಂತ ಕೇಳಿದಳು.